ಹೊಳೆ ದಂಡೆಯ ಮುದುಕಿಯನ್ನು ತೆಗೆದುಹಾಕಿದವರು

ಒಂದು ಜಪಾನಿ ವಿಡಿಯೋ ಗೇಮಿನ ವಿಷಯಕ್ಕೆ ನಾನು ಹುಮನಾಬಾದಿನ ಪತ್ರಿಕಾ ವರದಿಗಾರರ ಕೋಣೆಯಲ್ಲಿ ನಿಂತು ಕೂಗಾಡಿದ್ದೆ ಎಂದರೆ ನನ್ನ ಶಾಲೆಯ ಸಹೋದ್ಯೋಗಿಗಳು ಇಂದಿಗೂ ನಗುತ್ತಾರೆ. ನಗಲಿ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದು ಯಾಕೆ ಬಂತು ಎಂದು ಹೇಳಬೇಕಾದರೆ ಮೊದಲು ನನ್ನ ಅತ್ತೆಯ ಬಗ್ಗೆ ಹೇಳಬೇಕು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹುಮನಾಬಾದಿನಿಂದ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದೆ. ಶಿಕ್ಷಕರ ತರಬೇತಿ ಮುಗಿದಿತ್ತು, ನೌಕರಿಯ ಆದೇಶ ಬಂದಿರಲಿಲ್ಲ. ಗಂಡನದು ಕೋಟೆಗೆ ಹೋಗುವ ರಸ್ತೆಯಲ್ಲಿ ಟಿವಿ, ರೇಡಿಯೋ ರಿಪೇರಿಯ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಅತ್ತೆ ದುಬಲಗುಂಡಿಯವರು, ಶಾಲೆಗೆ ಹೋದವರಲ್ಲ. ಬಸ್ಸಿನ ಬೋರ್ಡು ಓದಲು ಬಾರದೆ ಪ್ರತಿ ಸಲ ಯಾರನ್ನಾದರೂ ಕೇಳಬೇಕಾಗುತ್ತಿತ್ತು. ಕೇಳಿದಾಗ ಕೆಲವರು ಮುಖ ತಿರುಗಿಸುತ್ತಿದ್ದರು. ಸೊಸೆ ಕಲಿತವಳು ಎಂದು ಅವರಿಗೆ ಹೆಮ್ಮೆಯೂ ಇತ್ತು, ಅಳುಕೂ ಇತ್ತು. ನಾನು ಪತ್ರಿಕೆ ಹಿಡಿದು ಕೂತರೆ ಅವರು ಆ ಕೋಣೆಯಿಂದ ಎದ್ದು ಹೋಗುತ್ತಿದ್ದರು. ಮೊದಲ ಕೆಲವು ತಿಂಗಳು ಒಂದೇ ಅಡುಗೆಮನೆಯಲ್ಲಿ ಇಬ್ಬರು ಅತಿಥಿಗಳಂತೆ ಓಡಾಡಿದೆವು.

ಒಂದು ದಿನ ಗಂಡ ಅಂಗಡಿಯಿಂದ ವಿಡಿಯೋ ಗೇಮ್ ತಂದರು. ದುಬೈನಲ್ಲಿದ್ದ ಗಿರಾಕಿಯೊಬ್ಬ ರಿಪೇರಿಗೆ ಕೊಟ್ಟವನು, ಕೊನೆಗೆ ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಎಂದು ಬಿಟ್ಟುಹೋಗಿದ್ದ. ಅದರ ಜೊತೆಗಿದ್ದದ್ದು ಒಂದೇ ಕ್ಯಾಸೆಟ್. ಗುಂಡು ಹಾರಿಸುವ, ಗೋಡೆ ಜಿಗಿಯುವ ಆಟ ಇರಬಹುದೆಂದು ನಾನು ಅಂದುಕೊಂಡಿದ್ದೆ. ಹಾಗಿರಲಿಲ್ಲ. ಬೆರಳುಗಾತ್ರದ ನಾಲ್ಕು ಜನ ಸಾಲಾಗಿ ಊರಿಂದ ಊರಿಗೆ ನಡೆಯುತ್ತಿದ್ದರು. ಸಿಕ್ಕವರನ್ನು ನಾವು ಮಾತಾಡಿಸಬೇಕು, ವೈರಿ ಬಂದರೆ ಸರದಿಯಂತೆ ಹೊಡೆಯಬೇಕು, ಛತ್ರದಲ್ಲಿ ಮಲಗಿ ಚೇತರಿಸಿಕೊಳ್ಳಬೇಕು. ಮಾತೆಲ್ಲ ತೆರೆಯ ಕೆಳಗೆ ಜಪಾನಿ ಅಕ್ಷರಗಳಲ್ಲಿ ಮೂಡುತ್ತಿತ್ತು. ಗಂಡ ಮತ್ತು ಅವರ ಇಬ್ಬರು ಗೆಳೆಯರು ಭಾನುವಾರ ಕೂತು ಆಡುವರು. ಉಳಿದ ದಿನ ಮಧ್ಯಾಹ್ನ ಅದು ನನ್ನ ಕೈಗೆ ಬರುತ್ತಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಮಧ್ಯಾಹ್ನ ಕೇಳಿಯೇಬಿಟ್ಟರು.

"ಏನ್ ಬರ್ದಾರ ಅದ್ರಾಗ?"

"ನನಗೂ ಗೊತ್ತಿಲ್ರಿ ಅತ್ತಿ. ಅದು ಜಪಾನಿ."

"ನಿನಗೂ ಓದಾಕ ಬರಂಗಿಲ್ಲ?"

"ಒಂದಕ್ಷರನೂ ಬರಂಗಿಲ್ರಿ."

ಅವರು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಮದುವೆಯಾದ ಮೇಲೆ ಅವರು ಹಾಗೆ ಭುಜಕ್ಕೆ ಭುಜ ತಾಗುವಂತೆ ಕೂತದ್ದು ಅದೇ ಮೊದಲು.

ಒಂದು ವಾರದಲ್ಲಿ ನನಗೆ ಗೊತ್ತಾಯಿತು, ಈ ವಿಷಯದಲ್ಲಿ ಅವರು ನನಗಿಂತ ಬಹಳ ಮುಂದೆ ಇದ್ದರು. ನಾನು ಅಕ್ಷರ ಕಂಡ ಕೂಡಲೇ ಓದಲು ಹೋಗಿ ಸೋಲುತ್ತಿದ್ದೆ. ಅವರು ಓದಲು ಹೋಗುತ್ತಲೇ ಇರಲಿಲ್ಲ, ಆಕಾರ ಹಿಡಿಯುತ್ತಿದ್ದರು. "ಕುಡಗೋಲಿನಂಥದ್ದು ಬಂದ್ರ ಹೊಡಿಯೂದು. ಜೋಕಾಲಿ ಇದ್ದಂಗ ಐತಲ್ಲ, ಅದು ಔಷಧ. ಅದನ್ನ ಒತ್ತು, ಜಲ್ದಿ ಒತ್ತು." ಅರವತ್ತು ವರ್ಷ ಅಕ್ಷರ ಬಾರದೆ ಸಂತೆ, ಬಸ್ಸು, ಆಸ್ಪತ್ರೆ ಎಲ್ಲ ನಿಭಾಯಿಸಿದವರು. ಅವರಿಗೆ ಆ ಜಗತ್ತು ಹೊಸದೇನೂ ಆಗಿರಲಿಲ್ಲ. ರಿಮೋಟ್ ನನ್ನ ಕೈಯಲ್ಲಿ, ಬುದ್ಧಿ ಅವರದು.

ಆಟದ ನಡುವೆ ಒಂದು ದೊಡ್ಡ ಹೊಳೆ ಬರುತ್ತದೆ. ಅಂಬಿಗ ಯಾರನ್ನೂ ದಾಟಿಸುವುದಿಲ್ಲ. ದಂಡೆಯ ಮೇಲೆ ಒಬ್ಬ ಮುದುಕಿ ಕೂತಿರುತ್ತಾಳೆ. ಮಾತಾಡಿಸಿದರೆ ಒಂದೇ ಸಾಲು ಹೇಳುತ್ತಾಳೆ, ಎಷ್ಟು ಸಲ ಮಾತಾಡಿಸಿದರೂ ಅದೇ ಸಾಲು. ಗಂಡ ಮತ್ತು ಗೆಳೆಯರು ಅಲ್ಲಿ ಐದು ಭಾನುವಾರ ಸಿಕ್ಕಿಬಿದ್ದಿದ್ದರು. ಸುತ್ತಲಿನ ಕಾಡಿನಲ್ಲಿ ಸಿಕ್ಕ ಪ್ರಾಣಿಯನ್ನೆಲ್ಲ ಹೊಡೆದರು, ಗುಡ್ಡದ ಕಲ್ಲನ್ನೆಲ್ಲ ಮುಟ್ಟಿ ನೋಡಿದರು. ಕೊನೆಗೆ ಕ್ಯಾಸೆಟ್ಟೇ ಕೆಟ್ಟಿದೆ ಎಂದು ತೀರ್ಮಾನಿಸಿ ಕೈಬಿಟ್ಟರು.

ಅತ್ತೆ ಮಾತ್ರ ಅಲ್ಲಿಂದ ಹೊರಟಾಗಲೆಲ್ಲ, "ಪೈಲೆ ಆಕೀನ್ನ ಮಾತಾಡ್ಸು. ಹಿರೇರು ಕುಂತಾರ, ಹಂಗ ದಾಟಿ ಹೋಗ್ಬಾರದು" ಎನ್ನುತ್ತಿದ್ದರು. ನಾನು ಬೇಸರದಿಂದಲೇ ಮಾತಾಡಿಸುತ್ತಿದ್ದೆ. ಅವರ ಮರ್ಯಾದೆಗಾಗಿ, ಆಟಕ್ಕಾಗಿ ಅಲ್ಲ. ಎಷ್ಟನೆಯ ಸಲವೋ ನೆನಪಿಲ್ಲ, ನಾನು ಮುಂದೆ ಹೋಗಲು ಗುಂಡಿ ಒತ್ತುವಾಗ ಅವರು ನನ್ನ ಮುಂಗೈ ಹಿಡಿದರು.

"ನಿಂದ್ರು. ಅಕ್ಷರ ಬ್ಯಾರೆ ಅದಾವ."

ಹೌದು, ಬೇರೆಯಾಗಿತ್ತು. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮುದುಕಿ ಎದ್ದು ಮೊದಲ ಸಲ ನಡೆದಳು, ಅಂಬಿಗನ ಹತ್ತಿರ ಹೋದಳು, ಅವನು ದೋಣಿ ಬಿಚ್ಚಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ಭಾನುವಾರ ಮಗನ ಗೆಳೆಯರು ಬಂದಾಗ ಅವರೇ ಚಹಾ ಹಿಡಿದು ಬಂದು, "ನಾವು ಹೊಳಿ ದಾಟೇವಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಇನ್ನೊಂದು ಘಟನೆಯನ್ನೂ ಹೇಳಬೇಕು. ನಾಲ್ವರಲ್ಲಿ ಒಬ್ಬ ಕೊಡಲಿ ಹಿಡಿದ ಧಡೂತಿ. ಉಳಿದವರು ದಾಟಲೆಂದು ಮುರಿಯುತ್ತಿದ್ದ ಸೇತುವೆಯನ್ನು ಹೆಗಲು ಕೊಟ್ಟು ಹಿಡಿದು, ಅದರ ಜೊತೆಗೇ ಕೆಳಗೆ ಹೋಗುತ್ತಾನೆ. ಅವನು ಮುಂದೆ ಎಲ್ಲಾದರೂ ಸಿಗುತ್ತಾನೆಂದು ನಾವು ಕಾದೆವು. ಸಿಗಲಿಲ್ಲ. ಯುದ್ಧದಲ್ಲಿ ನಾಲ್ವರು ನಿಲ್ಲುವ ಸಾಲಿನಲ್ಲಿ ಅವನ ಜಾಗ ಆಟ ಮುಗಿಯುವ ತನಕ ಬರಿದಾಗಿಯೇ ಇತ್ತು.

"ಅವನ ಜಾಗಾ ಯಾರಿಗೂ ಕೊಟ್ಟಿಲ್ಲ ನೋಡು. ಛಲೋ ಮಾಡ್ಯಾರ" ಎಂದರು ಅತ್ತೆ. ಮಾವ ತೀರಿಕೊಂಡ ವಾರದಲ್ಲೇ ಅವರ ಮಂಚವನ್ನು ಮನೆಯವರು ಎತ್ತಿ ಯಾರಿಗೋ ಕೊಟ್ಟಿದ್ದನ್ನು ಅವರು ಆ ದಿನ ಮೊದಲ ಸಲ ನನ್ನ ಮುಂದೆ ಹೇಳಿದರು.

ಆಟ ಮುಗಿಯಿತು, ನನಗೆ ನೌಕರಿ ಬಂತು, ಆ ಯಂತ್ರ ಯಾವಾಗಲೋ ಕೆಟ್ಟುಹೋಯಿತು. ಹತ್ತು ವರ್ಷಕ್ಕೂ ಮೀರಿ ಅದರ ನೆನಪೇ ಇರಲಿಲ್ಲ ಎಂದರೂ ನಡೆದೀತು.

ಎರಡು ಸಾವಿರದ ನಂತರ ಶಿಕ್ಷಕರಿಗೆಲ್ಲ ಕಂಪ್ಯೂಟರ್ ಕಲಿಸುವ ತರಬೇತಿ ಹುಮನಾಬಾದಿನಲ್ಲಿ ನಡೆಯಿತು. ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಲಿಸುವ ಮೇಷ್ಟ್ರು ಗೇಮ್ ಹುಚ್ಚಿನವರು. ಚಹಾ ಕುಡಿಯುವಾಗ, ಹಳೆಯ ಜಪಾನಿ ಆಟವೊಂದನ್ನು ಹೊಸದಾಗಿ ಮಾಡಿದ್ದಾರೆ, ಎಂಥ ಬಣ್ಣ, ಎಂಥ ಧ್ವನಿ ಎಂದು ಹೊಗಳತೊಡಗಿದರು. ನಾಲ್ಕು ಜನ, ಹೊಳೆ, ಕೊಡಲಿಯವನು ಎನ್ನುವಷ್ಟರಲ್ಲಿ ಅದು ನಮ್ಮದೇ ಆಟ ಎಂದು ಗೊತ್ತಾಯಿತು. ಡಿಸ್ಕ್ ಕೇಳಿ ಪಡೆದೆ. ಈಗ ಕಂಪ್ಯೂಟರ್ ರಿಪೇರಿಗೆ ಇಳಿದಿದ್ದ ಗಂಡ ಮನೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟರು.

ಅತ್ತೆಗೆ ಆಗ ಎಪ್ಪತ್ತು ದಾಟಿತ್ತು, ಕಣ್ಣಿನ ಪೊರೆ ತೆಗೆಸಿದ್ದೆವು. ಕನ್ನಡಕ ಒರೆಸಿಕೊಂಡು ಪಕ್ಕದಲ್ಲಿ ಕೂತರು. ತೆರೆಯ ಮೇಲೆ ಮಾತೆಲ್ಲ ಇಂಗ್ಲಿಷಿನಲ್ಲಿ. "ಈಗ ನಿನಗ ಓದಾಕ ಬರ್ತದ" ಎಂದರು. ಸಂತೋಷದಿಂದಲೇ ಅಂದರು, ಆದರೂ ನನಗೆ ಒಂದು ಥರ ಆಯಿತು. ನಾನು ಓದಿ ಹೇಳುತ್ತಾ ಹೋದೆ. ಬೆರಳುಗಾತ್ರದವರು ಈಗ ಆಳೆತ್ತರ ಆಗಿದ್ದರು, ಸಿನಿಮಾದವರ ಹಾಗೆ ಕೂದಲು ಹಾರಿಸುತ್ತಿದ್ದರು, ಬಾಯಿ ಮುಚ್ಚುತ್ತಲೇ ಇರಲಿಲ್ಲ. ದುಃಖವಾದರೆ "ನನಗೆ ದುಃಖವಾಗಿದೆ" ಎಂದು ಹೇಳಿ ಅಳುತ್ತಿದ್ದರು. ಎಲ್ಲಿಗೆ ಹೋಗಬೇಕೆಂದು ನೆಲದ ಮೇಲೆ ಹೊಳೆಯುವ ಒಂದು ಬಾಣದ ಗುರುತು ತೋರಿಸುತ್ತಿತ್ತು.

ಹೊಳೆ ಬಂತು. ನೀರು ನಿಜವಾದ ನೀರಿನ ಹಾಗೆಯೇ ಇತ್ತು. ಮುದುಕಿ ಇರಲಿಲ್ಲ. ಅವಳು ಕೂತಿದ್ದ ಜಾಗದಲ್ಲಿ ಟಿಕೆಟ್ ಕಿಟಕಿ ಮಾಡಿದ್ದರು. ಬಾಣ ಅಲ್ಲಿಗೆ ದಾರಿ ತೋರಿಸಿತು, ದೋಣಿ ಬಿಟ್ಟಿತು. ಅರ್ಧ ನಿಮಿಷ.

"ಆ ಮುದುಕಿ ಎಲ್ಲಿ?"

"ಇಲ್ರಿ ಅತ್ತಿ. ತಗದಾರ."

"ಯಾಕ? ಆಕಿ ಏನ್ ಮಾಡಿದ್ಲು ಅವರಿಗೆ?"

ಎರಡು ದಿನ ಬಿಟ್ಟು ಸೇತುವೆಯ ತನಕ ಬಂದೆವು. ಧಡೂತಿ ಹೆಗಲು ಕೊಟ್ಟ, ಬಿದ್ದ, ಎಲ್ಲರೂ ಅತ್ತರು. ಮುಂದಿನ ಊರಿನಲ್ಲಿ ಆಕಾಶದಿಂದ ಬೆಳಕು ಇಳಿದು, ಅವನು ಹೊಸ ಕೊಡಲಿ ಹಿಡಿದುಕೊಂಡು ನಗುತ್ತಾ ಎದ್ದುಬಂದ.

"ಇಂವ ಎದ್ದು ಬಂದ?"

"ಹೌದ್ರಿ."

"ಬಂದ್ ಮಾಡು ಅದನ್ನ" ಎಂದು ಅತ್ತೆ ಎದ್ದು ಹೋಗಿ, ಹೊರಗೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡತೊಡಗಿದರು. ಆ ಆಟದ ಮುಂದೆ ಮತ್ತೆ ಕೂರಲಿಲ್ಲ.

ಅದೇ ತಿಂಗಳು ನಾವು ಮನೆಗೆ ತರಿಸುತ್ತಿದ್ದ ಪತ್ರಿಕೆಯ ಕಂಪ್ಯೂಟರ್ ಪುಟದಲ್ಲಿ ಈ ಆಟದ ವಿಮರ್ಶೆ ಬಂತು. ಬರೀ ಹೊಗಳಿಕೆ. ಮೂಲ ಆಟದಲ್ಲಿ ಅರ್ಥವಿಲ್ಲದ ಅಲೆದಾಟ ಇತ್ತು, ಮತ್ತೆ ಮತ್ತೆ ಅದೇ ಮಾತಾಡುವ ಜನರಿದ್ದರು, ಆ ಕಸವನ್ನೆಲ್ಲ ಗುಡಿಸಿ ತೆಗೆದಿದ್ದಾರೆ ಎನ್ನುವ ಧಾಟಿ. ಕಸ ಎಂಬ ಮಾತು ನನ್ನ ಎದೆಗೆ ನಾಟಿತು. ಆ ದಿನವೇ ಕೂತು ಪತ್ರಿಕೆಗೆ ಆರು ಪುಟ ಬರೆದೆ. ಆ ಮುದುಕಿಯನ್ನು ಎಷ್ಟು ಸಲ ಮಾತಾಡಿಸಬೇಕು ಎಂದು ಮೊದಲೇ ಗೊತ್ತಿದ್ದರೆ ಅದು ಮರ್ಯಾದೆ ಅಲ್ಲ ಎಂದು ಬರೆದೆ. ಸತ್ತವನು ಗಿರಾಕಿಗಳ ಖುಷಿಗಾಗಿ ಎದ್ದುಬಂದರೆ ಮೊದಲು ಸತ್ತದ್ದೂ ಸುಳ್ಳಾಗುತ್ತದೆ ಎಂದು ಬರೆದೆ. ಅಕ್ಷರ ಬಾರದವರೊಬ್ಬರು ಮೂಲವನ್ನು ಪೂರ್ತಿ ಆಡಿ ಮುಗಿಸಿದ್ದರು, ಎಲ್ಲ ಬಿಡಿಸಿ ಹೇಳುವ ಹೊಸದರಲ್ಲಿ ಅವರಿಗೆ ಮಾಡಲು ಕೆಲಸವೇ ಇಲ್ಲ ಎಂದು ಬರೆದೆ. ಬಾಣದ ಗುರುತಿನ ಬಗ್ಗೆಯೇ ಒಂದು ಪೂರ್ತಿ ಪುಟ ಇತ್ತು. ಅದು ಆಡುವವರನ್ನು ದನ ಮಾಡುತ್ತದೆ ಎಂದಿದ್ದೆ.

ಮೂರು ವಾರಕ್ಕೆ ಓದುಗರ ಅಂಕಣದಲ್ಲಿ ಎರಡು ಸಾಲು ಬಂದವು. ಬಸವಕಲ್ಯಾಣದ ಶಿಕ್ಷಕಿಯೊಬ್ಬರು ತಮ್ಮ ಎಪ್ಪತ್ತು ದಾಟಿದ ಅತ್ತೆಯೊಂದಿಗೆ ಈ ಆಟ ಆಡಿ ಆನಂದಿಸಿದ್ದಾರೆ ಎಂದು. ಪಕ್ಕದಲ್ಲಿ ನಗುವ ಅಜ್ಜಿಯ ವ್ಯಂಗ್ಯಚಿತ್ರ, ಬೊಚ್ಚುಬಾಯಿ.

ಮರುದಿನ ತರಬೇತಿ ಮುಗಿದದ್ದೇ ಪತ್ರಿಕೆಯ ವರದಿಗಾರರ ಕೋಣೆಗೆ ಹೋದೆ. ಪುಟವನ್ನು ಅವರ ಮೇಜಿನ ಮೇಲೆ ಹಾಸಿದೆ.

"ಇದು ನಾ ಬರ್ದಿದ್ದಲ್ರಿ."

ಅವರು ಓದಿದರು. "ಛಲೋನೇ ಐತಲ್ರಿ ಮೇಡಂ. ನಿಮ್ಮ ಊರ ಹೆಸರು ಬಂದೈತಿ."

"ನಾ ಬೈದು ಬರ್ದಿದ್ದೆ. ಹೊಗಳಿದಂಗ ಮಾಡ್ಯಾರ."

"ಮ್ಯಾಲಿನ ಆಫೀಸನ್ಯಾಗ ಕಟ್ ಮಾಡ್ತಾರ್ರಿ, ನಮ್ಮ ಕೈಯಾಗ ಏನೂ ಇಲ್ಲ. ಖರೇ ಹೇಳ್ರಿ, ಒಂದು ಗೇಮ್ ಸಲುವಾಗಿ ಇಷ್ಟು ಸಿಟ್ಟಾಗೂದ?"

ಆಗ ನನ್ನ ಧ್ವನಿ ಏರಿತು. "ಸಿನಿಮಾ ಸಲುವಾಗಿ ನೀವು ಅರ್ಧ ಪುಟ ಜಗಳಾಡ್ತೀರಿ. ಕ್ರಿಕೆಟ್ ಸಲುವಾಗಿ ಆಡ್ತೀರಿ. ಇಬ್ಬರು ಹೆಣ್ಮಕ್ಕಳು ಒಂದು ಆಟದ ಬಗ್ಗೆ ವಿಚಾರ ಮಾಡಿ ಹೇಳಿದ್ರ ನಿಮಗ ಅದು ಕಾರ್ಟೂನ್! ನಮ್ಮ ಅತ್ತಿ ಬಾಯಾಗ ಎಲ್ಲಾ ಹಲ್ಲೂ ಅದಾವ್ರಿ, ಬಂದು ನೋಡ್ರಿ!"

ಪಕ್ಕದ ಝೆರಾಕ್ಸ್ ಅಂಗಡಿಯವರು ಇಣುಕಿದರು. ವರದಿಗಾರರು ಕುರ್ಚಿ ತೋರಿಸಿ, ಕೂಡ್ರಿ, ನೀರು ಕುಡೀರಿ ಎಂದರು. ನಾನು ಕೂರಲಿಲ್ಲ, ಕುಡಿಯಲೂ ಇಲ್ಲ. ತಿದ್ದುಪಡಿ ಹಾಕಿಸುತ್ತೇನೆಂದು ಅವರು ಮಾತು ಕೊಟ್ಟರು. ಅದು ಬರಲೇ ಇಲ್ಲ. ನಾನು ಆ ಪತ್ರಿಕೆ ನಿಲ್ಲಿಸಿದೆ.

ತರಬೇತಿಯ ಕೊನೆಯ ದಿನ ಡಿಸ್ಕ್ ವಾಪಸ್ ಕೊಡುವಾಗ ಮೇಷ್ಟ್ರಿಗೂ ಅದನ್ನೆಲ್ಲ ಹೇಳಿದೆ, ಬಾಣ ನೋಡಿಕೊಂಡು ನಡೆಯುವವರನ್ನು ದನ ಎಂದೂ ಸೇರಿಸಿ. ಚಿಟಗುಪ್ಪಾ ಕಡೆಯ ಶಾಲೆಯೊಂದರ ಶಿಕ್ಷಕಿ ಪಕ್ಕದಲ್ಲಿದ್ದರು. ಅಷ್ಟು ದಿನ ನಮ್ಮೊಡನೆ ಹೆಚ್ಚು ಮಾತಾಡಿದವರಲ್ಲ.

"ಅಕ್ಕಾರ, ನನ್ನ ಮಗಳಿಗೆ ತಿಳಿಯೂದು ತಡ. ಡಾಕ್ಟರು ಹಂಗ ಹೇಳ್ಯಾರ. ನಿಮಕಿಂತ ಮೊದಲ ನಾನೂ ಸರ್ ಕಡಿಂದ ಡಿಸ್ಕ್ ಒಯ್ದಿದ್ದೆ. ಆ ಬಾಣ ಇತ್ತಂತ ಆಕಿ ಹೊಳಿ ತನಕ ಒಬ್ಬಾಕೀನೇ ಹೋದ್ಲು. ನನ್ನ ಕರೀಲಿಲ್ಲ."

ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನಗೆ ಹೆಚ್ಚು ತಟ್ಟಿತು. ತಪ್ಪಾಯಿತು ಎಂದೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಓದಲು ಬಾರದ ಒಬ್ಬರ ಪರ ನಿಂತಿದ್ದೇನೆ ಎಂದುಕೊಂಡು ಇನ್ನೊಬ್ಬಳನ್ನು ದನ ಎಂದು ಬರೆದಿದ್ದೆ. ಮನೆಗೆ ಬಂದು, ನನ್ನ ಹತ್ತಿರ ಉಳಿಸಿಕೊಂಡಿದ್ದ ಪ್ರತಿಯಿಂದ ಬಾಣದ ಪುಟ ತೆಗೆದುಹಾಕಿದೆ. ಬೇಕಾದವರಿಗೆ ಬಾಣ ಇರಲಿ, ಬೇಡದವರಿಗೆ ಆರಿಸುವ ಗುಂಡಿ ಕೊಡಿ ಎಂದು ಒಂದೇ ಸಾಲು ಸೇರಿಸಿದೆ. ಮುದುಕಿಯ ವಿಷಯದಲ್ಲಿ, ಸತ್ತವನ ವಿಷಯದಲ್ಲಿ ಒಂದಕ್ಷರ ಬದಲಿಸಲಿಲ್ಲ. ಬಾಣವೂ ಇರಬಹುದಿತ್ತು, ಮುದುಕಿಯೂ ಇರಬಹುದಿತ್ತು. ಅವಳನ್ನು ತೆಗೆಯಲು ಅವರಿಗೆ ಯಾವ ಕಾರಣವೂ ಇರಲಿಲ್ಲ.

ಆ ಬರಹವನ್ನು ಬಸವಕಲ್ಯಾಣದ ಒಂದು ಸಣ್ಣ ವಾರಪತ್ರಿಕೆಗೆ ಕೊಟ್ಟೆ. ಅದನ್ನು ನಡೆಸುವವರು ಪ್ರೆಸ್ಸಿನ ಮಾಲೀಕರೇ. ವಿಡಿಯೋ ಗೇಮ್ ಎಂದರೆ ಅವರಿಗೆ ಗೊತ್ತಿರಲಿಲ್ಲ. ಪೂರ್ತಿ ಓದಿ, "ಸಿಟ್ಟು ಬರೋಬರ್ ಐತ್ರಿ" ಎಂದು ಒಂದು ಪದವನ್ನೂ ಕತ್ತರಿಸದೆ ಹಾಕಿದರು.

ಅತ್ತೆ ಓದಿ ಹೇಳು ಎಂದರು. ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೊನೆಯ ಪುಟಕ್ಕೆ ಬಂದಾಗ ಕಣ್ಣು ತೆರೆದರು.

"ಅದೇನಂದಿ? ಮತ್ತೊಮ್ಮೆ ಓದು."

ಧಡೂತಿ ಎದ್ದುಬಂದಾಗ ನಮ್ಮ ಅತ್ತೆ ಕಣ್ಣೀರು ಒರೆಸಿಕೊಂಡರು ಎಂಬ ಸಾಲು ಅದು. ಮೊದಲ ಸಲ ಬರೆಯುವಾಗಲೇ, ಚೆನ್ನಾಗಿರುತ್ತದೆ ಎಂದು ನಾನೇ ಸೇರಿಸಿದ್ದೆ.

"ನಾ ಎಲ್ಲಿ ಅತ್ತಿದ್ದೆ? ಸುಳ್ಳ ಯಾಕ ಬರ್ದಿ? ನಾ ಅತ್ತಿದ್ದಿಲ್ಲ, ನನಗ ಸಿಟ್ಟು ಬಂದಿತ್ತು."

ಪತ್ರಿಕೆಯವರು ಅವರ ಬಾಯಿಯ ಹಲ್ಲು ತೆಗೆದಿದ್ದರು, ನಾನು ಅವರ ಸಿಟ್ಟು ತೆಗೆದಿದ್ದೆ.

"ತಪ್ಪಾತ್ರಿ ಅತ್ತಿ."

"ನನಗ ಹೇಳಿದ್ರ ಏನ್ ಬಂತು? ಓದಿದವರಿಗೆ ಹೇಳು. ತಿದ್ದಿ ಹಾಕ್ಸು."

ಪ್ರೆಸ್ಸಿಗೆ ಹೋಗಿ ಮಾಲೀಕರಿಗೆ ವಿಷಯ ತಿಳಿಸಿದೆ. ಅವರು ನಗಲಿಲ್ಲ. ಮುಂದಿನ ವಾರದ ಸಂಚಿಕೆಯಲ್ಲಿ, ಬೀಜದ ಅಂಗಡಿಯ ಜಾಹೀರಾತಿನ ಮೇಲೆ, ದಪ್ಪಕ್ಷರದಲ್ಲಿ ಮೂರು ಸಾಲು ಬಂದವು. ಕಳೆದ ವಾರದ ಲೇಖನದಲ್ಲಿ ಲೇಖಕಿಯ ಅತ್ತೆ ಅತ್ತರೆಂದು ಬರೆದದ್ದು ತಪ್ಪು. ಅವರು ಅಳಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು.