ಎಚ್‌ಡಿಯಲ್ಲಿ ಅಕ್ಕನ ಕುಬಸ

ಒಂದು ಗುಂಡಿ ಒತ್ತಲು ಬಾರದವನು ಅಂತ ಮನೆಯಲ್ಲಿ ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು!

ಕ್ಯಾಮ್‌ಕಾರ್ಡರ್ ಕೊಂಡದ್ದೇ ಅಕ್ಕನ ಕುಬಸಕ್ಕೆ, ಅಂದರೆ ಸೀಮಂತಕ್ಕೆ. ಏಳು ತಿಂಗಳ ಬಸುರಿ ಅಕ್ಕ ಇದ್ದದ್ದು ಕಮಲಾಪುರದ ಗಂಡನ ಮನೆಯಲ್ಲಿ. ಅಪ್ಪನ ತಾಯಿ, ನಮ್ಮ ಆಯಿ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಗಾಜಿಪುರದ ನಮ್ಮ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದಳು. ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಟ್ರಂಕಿನಿಂದ ತನ್ನ ಹಸಿರು ಇಳಕಲ್ ಸೀರೆ ತೆಗೆದು ಅಕ್ಕನಿಗೆಂದು ನನ್ನ ಕೈಗಿಟ್ಟಳು.

“ಇದನ್ನ ಉಟ್ಟಾಗ ಆಕಿ ಮಾರಿ ನನಗ ಕಾಣಬೇಕು ನೋಡಪ್ಪ. ಫೋನಿನ್ಯಾಗ ಛಲೋ ಅದೀನಿ ಅಂತಾಳ. ನನಗ ನಂಬಿಕಿ ಇಲ್ಲ.”

ಸೂಪರ್ ಮಾರ್ಕೆಟ್ಟಿನ ಅಂಗಡಿಯವ ಹೇಳಿದ್ದ: “ಎಚ್‌ಡಿ ಇಟ್ರ ರೆಪ್ಪಿ ಕೂದಲಾ ಎಣಿಸಬಹುದು ಸಾಬ್, ಆದ್ರ ಈ ಕಾರ್ಡಿನ್ಯಾಗ ಒಂದೇ ತಾಸು. ಎಸ್‌ಡಿ ಸ್ವಲ್ಪ ಮಬ್ಬು, ನಾಕು ತಾಸು ಬೇಫಿಕರ್.”

“ನಾಕು ತಾಸಿಂದೇ ಇಡು,” ಅಂದರು ಅಪ್ಪ, ಮನೆಗೆ ಬಂದ ಮೇಲೆ. “ಆಯೇರಿ ಮಾಡೋರ್ನ ಒಬ್ಬರನ್ನ ಬಿಟ್ರೂ ಮುಗೀತು. ಹತ್ತು ವರ್ಷ ಆಡ್ತಾರ.”

ಅದು ಸುಳ್ಳಲ್ಲ. ನಮ್ಮಲ್ಲಿ ಬೀಗರು ಸೀರೆ, ಟವೆಲ್ಲು ಆಯೇರಿ ಕೊಡುವಾಗ ವಿಡಿಯೊದಲ್ಲಿ ಬರದಿದ್ದರೆ ಕೊಟ್ಟದ್ದೇ ಇಲ್ಲ ಅನ್ನುವಷ್ಟು ಸಿಟ್ಟು. ಆದರೂ ನಾನು ಬಿಡಲಿಲ್ಲ.

“ಮಬ್ಬಾದ್ರ ಆಯಿಗೆ ಏನು ಕಾಣ್ತದಪ್ಪ?”

“ಆಕಿಗೆ ಮೊದಲೇ ಮಬ್ಬು!”

“ನನ್ನ ಕಣ್ಣು ನೆಟ್ಟಗಾಗ್ಯಾವ,” ಒಳಗಿನಿಂದ ಆಯಿಯ ದನಿ. “ನಿನ್ನ ತಲಿ ನೋಡ್ಕೋ.”

ಎಚ್‌ಡಿ ಗೆದ್ದಿತು.

ಕಮಲಾಪುರದ ಅಂಗಳದಲ್ಲಿ ಆಯೇರಿ ಶುರುವಾಯಿತು. ಕ್ಯಾಮೆರಾ ಕಂಡದ್ದೇ ತಡ, ಬಂದವರೆಲ್ಲ ಸೀರೆಯ ಒಂದು ತುದಿ ಹಿಡಿದು ಫೋಟೊಕ್ಕೆ ನಿಂತಂತೆ ಉಸಿರು ಬಿಗಿಹಿಡಿದು ನಿಂತರು. “ಇದು ವಿಡಿಯೊ ರೀ, ಅಲುಗಾಡ್ರಿ” ಅಂದರೆ ಇನ್ನೂ ಸೆಟೆದರು. ದೊಡ್ಡಪ್ಪನಂತೂ ಟವೆಲ್ಲು ಹಿಡಿದು ಅಷ್ಟು ಹೊತ್ತು ನಿಂತಿದ್ದಾನೆ, ಅವನ ಮೀಸೆಯ ಮೇಲೆ ನೊಣ ಕೂತು, ಓಡಾಡಿ, ಹಾರಿಹೋದದ್ದೂ ಬಂದಿದೆ. ಅರ್ಧ ಜನ ಬಾಕಿಯಿರುವಾಗಲೇ ಕಾರ್ಡಿನಲ್ಲಿ ಐದು ನಿಮಿಷ ಉಳಿದಿತ್ತು. ಅಕ್ಕ ಇನ್ನೂ ಆಯಿಯ ಸೀರೆ ಉಟ್ಟಿರಲಿಲ್ಲ.

ಉಳಿದದ್ದನ್ನು ಎಸ್‌ಡಿಗೆ ಬದಲಿಸಬಹುದಿತ್ತು. ಅಪ್ಪ ಅಲ್ಲೇ ನಗುತ್ತ ನಿಂತಿದ್ದರು. ಸತ್ತರೂ ಬದಲಿಸಲಿಲ್ಲ. ರೆಕಾರ್ಡಿಂಗ್ ನಿಲ್ಲಿಸಿ, ಕ್ಯಾಮೆರಾ ಸುಮ್ಮನೆ ಕಣ್ಣಿಗೆ ಹಿಡಿದುಕೊಂಡು, “ಹಾಂ, ಛಲೋ ಬಂತ್ರೀ” ಅನ್ನುತ್ತ ನಟಿಸತೊಡಗಿದೆ. ಸೋದರಮಾವನಿಗೆ ಸಂಶಯ ಬಂತು.

“ಗುಂಡಿ ಒತ್ತಿದ್ದು ಕಾಣಲಿಲ್ಲಲ್ಲೋ?”

ಅವನ ಸಮಾಧಾನಕ್ಕೆ ಒತ್ತಿದೆ. ಆ ಗಡಿಬಿಡಿಯಲ್ಲಿ ಅದು ನಿಜಕ್ಕೂ ಚಾಲೂ ಆದದ್ದು ತಲೆಗೆ ಹೋಗಲೇ ಇಲ್ಲ. ಬಿಸಿಲಿಗೆ ಪರದೆಯೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಅಕ್ಕ ಹಸಿರು ಸೀರೆ ಉಟ್ಟು ಹೊರಬಂದಳು. ಅವಸರದಿಂದ ಗುಂಡಿ ಒತ್ತಿದೆ. ಅವಳ ಮುಖ, ನಗು ಎಲ್ಲವನ್ನೂ ಮನಸಾರೆ ಹಿಡಿದೆ. ಆಮೇಲೆ ಮತ್ತೊಮ್ಮೆ ಒತ್ತಿ, ಕ್ಯಾಮೆರಾ ಕೈಯಲ್ಲಿ ತೂಗಾಡಿಸುತ್ತ ಅವಳ ಹಿಂದೆಯೇ ಊಟಕ್ಕೆ ನಡೆದೆ.

ಮರುದಿನ ಬೆಳಿಗ್ಗೆ ಗಾಜಿಪುರದಲ್ಲಿ ಟಿವಿಗೆ ವೈರು ಜೋಡಿಸಿದೆ. ಆಯಿ ತೀರಾ ಹತ್ತಿರ ಕೂತಳು. ಪರದೆಯ ಮೇಲೆ ಸೋದರಮಾವ ಬಂದ. ಅವನು ಹೋದ ಮೇಲೆ ಅಕ್ಕ ಬರಬೇಕು, ಬಂದದ್ದು ನೆಲ! ಕೆಂಪು ಬಾಳೆಹಣ್ಣಿನ ಸಿಪ್ಪೆ, ನನ್ನ ಚಪ್ಪಲಿ, ಎಲ್ಲ ಥಳಥಳ. ಮುಖ ಮಾತ್ರ ಇಲ್ಲ. ಅಕ್ಕ ಬಂದಾಗ ಒತ್ತಿದ್ದಕ್ಕೆ ಬಂದ್ ಆಗಿ, ಊಟಕ್ಕೆ ಹೊರಟಾಗ ಒತ್ತಿದ್ದಕ್ಕೆ ಚಾಲೂ ಆಗಿತ್ತು. ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು.

“ನಾನು ಹೇಳಿದ್ದಿಲ್ಲ?” ಅಂದರು ಅಪ್ಪ, ಹಬ್ಬದ ಖುಷಿಯಲ್ಲಿ.

“ಸುಮ್ಮಿರು,” ಅಂದಳು ಆಯಿ. ಹಸಿರು ಸೀರೆಯ ಅಂಚು, ಅದರ ಕೆಳಗೆ ಅಕ್ಕನ ಪಾದಗಳು ಮೆಲ್ಲಗೆ ನಡೆಯುತ್ತಿದ್ದವು. “ನಿಲ್ಲಿಸು. ಅಲ್ಲೇ ನಿಲ್ಲಿಸು.”

ನಿಲ್ಲಿಸಿದೆ. ಆಯಿ ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟಳು. ಕಾಲುಂಗುರಗಳು ಊದಿದ ಬೆರಳಲ್ಲಿ ಹುಗಿದುಹೋಗಿದ್ದವು.

“ಬಾವು ನೋಡು ಹ್ಯಾಂಗ ಬಂದದ. ಮಾರಿ ತೋರಿಸಿದ್ರ ನಕ್ಕೋಂತ ಮುಚ್ಚಿಡ್ತಿದ್ಲು. ಈಗಿಂದೀಗ ಹೋಗಿ ಕರಕೊಂಡು ಬಾ.”

ಮಧ್ಯಾಹ್ನ ಅಕ್ಕನನ್ನು ಕಮಲಾಪುರದಿಂದ ಕರೆತಂದು ಸೀದಾ ಆಸ್ಪತ್ರೆಗೆ ಒಯ್ದೆ. ಡಾಕ್ಟರಮ್ಮ ಬಿ.ಪಿ. ನೋಡಿ, “ಇನ್ನ ಎಂಟು ದಿನ ಬಿಟ್ಟಿದ್ರ ಕಷ್ಟ ಇತ್ತು. ಯಾರು ನೋಡಿದ್ರು ಇದನ್ನ?” ಅಂತ ಕೇಳಿದರು.

“ನಮ್ಮ ಆಯಿ ರೀ,” ಅಂದೆ. “ಮೊನ್ನೆ ಕಣ್ಣಿನ ಆಪರೇಷನ್ ಆಗ್ಯದ.”