ದೇವರ ಮನೆ ಸೇರಿದ ರಾಕ್ಷಸ

ನನ್ನ ಕಾದಂಬರಿಯ ರಾಕ್ಷಸನ ಹಣೆಗೆ ಕುಂಕುಮ ಹಚ್ಚಿ, ತಲೆಯ ಮೇಲೊಂದು ಸೇವಂತಿಗೆ ಇಟ್ಟಿದ್ದರು. ನಾಲ್ಕು ವರ್ಷ ಕೂತು ಬರೆದು, ನಾನೇ ಅಚ್ಚು ಹಾಕಿಸಿ, ಜಗಳೂರಿನಿಂದ ಬಸ್ಸಿನಲ್ಲಿ ಹೊತ್ತು ತಂದುಕೊಟ್ಟಿದ್ದ ಮಾಯಾಲೋಕದ ಕಥೆ ಅದು. ಈಗ ಆ ಪುಸ್ತಕ ನ್ಯಾಮತಿಯ ಚಿಕ್ಕಮ್ಮನ ದೇವರ ಮನೆಯಲ್ಲಿ ಲಕ್ಷ್ಮಿಯ ಪಟಕ್ಕೆ ಒರಗಿ ನಿಂತಿತ್ತು. ಮುಖಪುಟದ ತುಂಬ, ಹತ್ತು ಊರು ನುಂಗಿದ ಆ ಖಳನದೇ ಚಿತ್ರ.

“ಓದಿದ್ರಾ ಚಿಕ್ಕಮ್ಮ?” ಎಂದೆ.

“ಆಯುಧಪೂಜೆಗೆ ಇಟ್ಟಿದ್ದು ಕಣಪ್ಪಾ. ಸರಸ್ವತಿ ಅಂತ ದಿನಾ ಹೂವು ಏರಿಸ್ತೀನಿ. ಪೂಜೆಗಿಟ್ಟಿದ್ದನ್ನ ಓದಾಕೆ ತೆಗೀತಾರೇನು?”

ತೆಗೆಯುವುದಿಲ್ಲ, ಒಪ್ಪಿದೆ. ಆಯುಧಪೂಜೆ ಮುಗಿದು ಏಳು ತಿಂಗಳಾಗಿತ್ತು, ಅಷ್ಟೆ. ಚನ್ನಗಿರಿ, ಹೊನ್ನಾಳಿಯ ನೆಂಟರು ಒಂದು ಹಾಳೆಯನ್ನೂ ತಿರುವದೆ “ಭಾಳ ಚೆನ್ನಾಗೈತೆ” ಎಂದು ಬೆನ್ನು ತಟ್ಟಿದ್ದರು. ಚಿಕ್ಕಮ್ಮ ಸುಳ್ಳು ಹೇಳಲಿಲ್ಲವಲ್ಲ ಎಂದು ನನ್ನ ಪುಸ್ತಕಕ್ಕೆ ನಾನೇ ಕೈಮುಗಿದು ಬಂದೆ.

ಕೊನೆಯ ಅಧ್ಯಾಯದಲ್ಲಿ ಆ ರಾಕ್ಷಸನನ್ನು ಬಹಳ ಕಷ್ಟಪಟ್ಟು ಕೊಂದಿದ್ದೆ. ಅಲ್ಲಿಯವರೆಗೆ ಯಾರೂ ಓದದ ಕಾರಣ ಅವನಿನ್ನೂ ಬದುಕಿದ್ದಾನೆ. ನ್ಯಾಮತಿಯಲ್ಲಿ ಅವನಿಗೆ ದಿನಕ್ಕೆರಡು ಹೊತ್ತು ಮಂಗಳಾರತಿ.