ಗೇಟಿನಾಚೆಯ ನಮ್ಮ ಜಾಗ

ಮೊನ್ನೆ ಭಾನುವಾರ ಅಡುಗೆಮನೆಯ ಮೇಲಿನ ಕಪಾಟನ್ನು ಒರೆಸುವಾಗ ಹಿಂದಿನ ಸಾಲಿನಿಂದ ಒಂದು ಚಿಕ್ಕ ಬಾಟಲಿ ಕೈಗೆ ಬಂತು. ಮುಚ್ಚಳ ಅಂಟಿಕೊಂಡಿತ್ತು. ಬಿಸಿನೀರಿನಲ್ಲಿ ಹಿಡಿದು ತಿರುಗಿಸಿದ ಕೂಡಲೇ ಮೂಗಿಗೆ ಬಡಿದದ್ದು ಕಾಚಂಪುಳಿಯ ವಾಸನೆ. ಕೊಡಗಿನವರು ಮಾಂಸ ಬೆಂದ ಮೇಲೆ ಕೊನೆಗೆ ಹಾಕುತ್ತಾರಲ್ಲ, ಆ ಕಪ್ಪು ಹುಳಿ. ನೀವು ಮೂಸಿ ನೋಡಿಲ್ಲವೆಂದರೆ, ಹುಣಸೆಹಣ್ಣೊಂದು ಒಲೆಯ ಹೊಗೆಯಲ್ಲಿ ವರ್ಷಗಟ್ಟಲೆ ಕೂತಿತ್ತು ಅಂದುಕೊಳ್ಳಿ. ನಾನು ಹಾಸನದವಳು. ನಮ್ಮ ಮನೆಯ ಕಪಾಟಿನಲ್ಲಿ ಆ ಬಾಟಲಿ ಇರುವುದಕ್ಕೆ ಕಾರಣ ಒಬ್ಬರೇ, ಉತ್ತಯ್ಯ ಅಂಕಲ್. ಕಪಾಟು ಒರೆಸುವುದು ಅಲ್ಲಿಗೇ ನಿಂತಿತು. ಸ್ಟೂಲಿನ ಮೇಲೆಯೇ ಕೂತುಬಿಟ್ಟೆ.

ಉತ್ತಯ್ಯ ಅಂಕಲ್ ಇಲ್ಲಿ ಅಮೆರಿಕದ ರೆಂಟನ್‌ನಲ್ಲಿ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದರು. ಮಡಿಕೇರಿಯ ಕಡೆಯಿಂದ ಓದಲೆಂದು ಬಂದು ಇಲ್ಲೇ ಉಳಿದ ಮೊದಲ ತಲೆಮಾರಿನವರಲ್ಲಿ ಒಬ್ಬರು. ನಾನು ಅವರನ್ನು ಕಂಡಾಗ ನಿವೃತ್ತಿಗೆ ಎರಡೋ ಮೂರೋ ವರ್ಷ ಬಾಕಿ ಇತ್ತು. ಆಳು ತೆಳ್ಳಗೆ, ಮೀಸೆ ದಪ್ಪ, ಮಾತು ಕಡಿಮೆ. ಪ್ರತಿ ಅಕ್ಟೋಬರಿನಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿದ್ದರು. ಇಲ್ಲಿ ಅದಕ್ಕೆ ಲೈಸೆನ್ಸ್ ಇದೆ, ಕಾಲ ಇದೆ, ಒಬ್ಬರಿಗೆ ವರ್ಷಕ್ಕೆ ಒಂದು ಜಿಂಕೆ ಎಂಬ ಲೆಕ್ಕವೂ ಇದೆ. ಸರ್ಕಾರಿ ಕಾಡಿನಲ್ಲಿ ಯಾರು ಬೇಕಾದರೂ ಹೋಗಬಹುದು. ತೊಂದರೆ ಇರುವುದೂ ಅದರಲ್ಲೇ. ಯಾರು ಬೇಕಾದರೂ ಎಂದರೆ ನಿಜವಾಗಿಯೂ ಎಲ್ಲರೂ ಬರುತ್ತಾರೆ.

ಅವರ ಜೊತೆ ಹೋಗುತ್ತಿದ್ದ ಗೆಳೆಯರೊಬ್ಬರು ಅರಿಜೋನಾಕ್ಕೆ ಮನೆ ಬದಲಿಸಿದ ವರ್ಷ, ಕನ್ನಡದವರ ಒಂದು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ಅಂಕಲ್ ಕೇಳಿದರು: "ನಿನಗೆ ಸುಮ್ನೆ ಕೂರಕ್ಕೆ ಬರುತ್ತಾ?"

"ಎಷ್ಟು ಹೊತ್ತು?"

"ನಾಲ್ಕು ಗಂಟೆ."

ನಾನು ಫ್ಯಾಕ್ಟೋರಿಯಾ ಎಂಬ ಬಡಾವಣೆಯ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಮೀಟಿಂಗುಗಳಲ್ಲಿ ದಿನಾ ಅಷ್ಟು ಹೊತ್ತು ಸುಮ್ಮನೆ ಕೂರುತ್ತೇನೆ. ಬರುತ್ತೆ ಅಂದೆ. ನನ್ನ ಗಂಡ ಗಿರೀಶ ನಕ್ಕ. ಅವನಿಗೆ ನಡಿಗೆಯೆಂದರೆ ಪಾರ್ಕಿಂಗ್‌ನಿಂದ ಲಿಫ್ಟಿನವರೆಗೆ. ಬೇಟೆಗೆ ಹೋಗುವ ಮುಂಚೆ ಒಂದು ತರಗತಿಗೆ ಹೋಗಿ ಪರೀಕ್ಷೆ ಪಾಸಾಗಬೇಕಿತ್ತು. ಅಲ್ಲಿ ನನ್ನ ಪಕ್ಕ ಕೂತವಳಿಗೆ ಹನ್ನೊಂದು ವರ್ಷ. ಪರೀಕ್ಷೆಯಲ್ಲಿ ನನಗಿಂತ ಎರಡು ಮಾರ್ಕ್ಸ್ ಹೆಚ್ಚು ತೆಗೆದು, ಸಮಾಧಾನ ಹೇಳುವಂತೆ ನನ್ನ ಕಡೆ ನೋಡಿದಳು.

ಅಂಕಲ್‌ಗೆ ಒಂದು ಜಾಗ ಇತ್ತು. ನಾರ್ತ್ ಬೆಂಡ್ ಊರು ದಾಟಿದ ಮೇಲೆ, ಹಿಂದೆ ಮರ ಸಾಗಿಸುತ್ತಿದ್ದ ಹಳೆಯ ರಸ್ತೆಗೆ ಕಬ್ಬಿಣದ ಗೇಟು ಹಾಕಿದ್ದಾರೆ. ಗೇಟಿನ ಬಳಿ ಕಾರು ನಿಲ್ಲಿಸಿ ಎರಡು ಮೈಲಿ ನಡೆದರೆ, ಮರ ಕಡಿದು ಮತ್ತೆ ಪೊದೆ ಬೆಳೆದ ಒಂದು ಇಳಿಜಾರು. ಅದರ ಮೇಲ್ತುದಿಯಲ್ಲಿ, ಕಡಿದುಳಿದ ಒಂದು ದೊಡ್ಡ ಮರದ ಬುಡ. ಅಲ್ಲಿ ಕೂತರೆ ಇಡೀ ಇಳಿಜಾರು ಕಾಣುತ್ತದೆ. ಆ ಬುಡವನ್ನು ಹುಡುಕಲು ಅವರಿಗೆ ಹನ್ನೆರಡು ವರ್ಷ ಹಿಡಿದಿತ್ತಂತೆ. ಅದನ್ನು ಬೇರೆಯವರಿಂದ ಕಾಪಾಡಲು ಅವರು ಮಾಡುತ್ತಿದ್ದ ಉಪಾಯಗಳನ್ನು ನೆನೆದರೆ ನನಗೆ ಇಂದಿಗೂ ನಗು. ಗೇಟಿನ ಹತ್ತಿರ ಕಾರು ನಿಲ್ಲಿಸದೆ ಅರ್ಧ ಮೈಲಿ ಮುಂದೆ ಹೋಗಿ, ನದಿಯ ಪಕ್ಕ ಮೀನು ಹಿಡಿಯುವವರ ಕಾರುಗಳ ನಡುವೆ ನಿಲ್ಲಿಸುತ್ತಿದ್ದರು. ಬೇಟೆಗಾರರು ಹಾಕಲೇಬೇಕಾದ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಗೇಟು ದಾಟಿದ ಮೇಲೆಯೇ ಹಾಕಿಕೊಳ್ಳುತ್ತಿದ್ದರು. ಕನ್ನಡದವರು ಯಾರಾದರೂ "ಜಿಂಕೆ ಎಲ್ಲಿ ಸಿಗುತ್ತೆ ಸಾರ್?" ಎಂದು ಕೇಳಿದರೆ "ನಮ್ಮನೆ ಫ್ರೀಜರ್‌ನಲ್ಲಿ" ಎನ್ನುತ್ತಿದ್ದರು.

ಮೊದಲ ವರ್ಷ ನಾವು ಏನನ್ನೂ ಹೊಡೆಯಲಿಲ್ಲ. ಆದರೂ ಒಂದೇ ಬೆಳಿಗ್ಗೆ ಐದು ಜಿಂಕೆ ಕಂಡೆ. ಎಲ್ಲವೂ ಹೆಣ್ಣು, ಅವನ್ನು ಹೊಡೆಯುವಂತಿಲ್ಲ. ಮಂಜಿನ ಒಳಗಿನಿಂದ ಅವು ಒಂದೊಂದಾಗಿ ಬಂದು ಎಲೆ ಕಿತ್ತು ತಿಂದದ್ದನ್ನು ನೋಡುತ್ತಾ ನಾನು ಉಸಿರಾಡುವುದನ್ನೇ ಮರೆತಿದ್ದೆ. ಆ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ನಮ್ಮ ಟೀಮಿನಲ್ಲಿ ಡೇಲ್ ಎಂಬುವನಿದ್ದ. ಚಿಕ್ಕಂದಿನಿಂದ ಬೇಟೆಯಾಡಿದವನು. ಒಂದು ದಿನ ಊಟದ ಹೊತ್ತಿನಲ್ಲಿ, ಈ ಕಡೆ ಕಾಡಿನಲ್ಲಿ ಈಗ ಜಿಂಕೆಯೇ ಇಲ್ಲ, ವಾರಗಟ್ಟಲೆ ಅಲೆದರೂ ಒಂದೂ ಕಾಣಲಿಲ್ಲ ಎಂದು ಗೊಣಗುತ್ತಿದ್ದ. ನನ್ನ ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಚಿತ್ರಾನ್ನ ತಿನ್ನುವ ಹೆಂಗಸು ಬೇಟೆಯ ವಿಷಯ ಮಾತಾಡಬಹುದೆಂದು ಆ ಮೇಜಿನಲ್ಲಿ ಯಾರಿಗೂ ಅನಿಸಿರಲಿಲ್ಲ. "ನಾನು ಒಂದೇ ಬೆಳಿಗ್ಗೆ ಐದು ನೋಡಿದೆ" ಎಂದೆ. ಎಲ್ಲರೂ ತಿರುಗಿದರು. ಆ ತಿರುಗಿದ ಮುಖಗಳ ರುಚಿ ಹೇಗಿತ್ತೆಂದರೆ, ಎಲ್ಲಿ ಎಂದು ಡೇಲ್ ಕೇಳಿದಾಗ ಗೇಟು, ರಸ್ತೆ, ಎರಡು ಮೈಲಿ, ಮರದ ಬುಡ, ಎಲ್ಲವನ್ನೂ ಪಾಠ ಒಪ್ಪಿಸುವಂತೆ ಹೇಳಿಬಿಟ್ಟೆ. ಹೇಳಿ ಮುಗಿಯುವ ಮುಂಚೆಯೇ ತಪ್ಪಾಯಿತೆಂದು ಗೊತ್ತಾಗಿತ್ತು.

ಮುಂದಿನ ಸೆಪ್ಟೆಂಬರಿನಲ್ಲಿ ಡೇಲ್‌ನ ಮೇಜಿನ ಮೇಲೆ ಒಂದು ನಕ್ಷೆ ಹರಡಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಸುತ್ತು. ಸುತ್ತಿನ ಒಳಗೆ ಏನಿದೆ ಎಂದು ನೋಡಲು ಬಗ್ಗಬೇಕಾಗಿರಲಿಲ್ಲ. ಅಂದು ಸಂಜೆಯೇ ಅಂಕಲ್‌ಗೆ ಫೋನ್ ಮಾಡಬೇಕಿತ್ತು. ನಾಳೆ ಮಾಡೋಣ ಎಂದುಕೊಂಡೆ. ಅವನು ಬರದೇ ಇರಬಹುದು ಎಂದುಕೊಂಡೆ. ಹೀಗೆ ಅಂದುಕೊಳ್ಳುತ್ತಲೇ ಅಕ್ಟೋಬರ್ ಬಂತು.

ಮೊದಲ ಶನಿವಾರ ಬೆಳಕು ಹರಿಯುವ ಮುಂಚೆ ನದಿಯ ಪಕ್ಕ ಕಾರು ನಿಲ್ಲಿಸಿ ನಾವಿಬ್ಬರು ನಡೆದು ಬಂದರೆ, ಗೇಟಿನ ಮುಂದೆ ಒಂದು ಪಿಕಪ್ ನಿಂತಿತ್ತು. ಡೇಲ್ ಮತ್ತು ಅವನ ಅಣ್ಣ ಬೂಟಿನ ದಾರ ಕಟ್ಟುತ್ತಿದ್ದರು. ಟಾರ್ಚಿನ ಬೆಳಕಿನಲ್ಲಿ ನನ್ನ ಗುರುತು ಹಿಡಿದ ಡೇಲ್ ನಿಷ್ಕಪಟವಾಗಿ, ಮುಖ ತುಂಬಾ ನಗುತ್ತಾ, ನೀನು ಹೇಳಿದ ಜಾಗ ನಕ್ಷೆಯಲ್ಲೇ ಬಹಳ ಚೆನ್ನಾಗಿ ಕಾಣುತ್ತೆ, ಥ್ಯಾಂಕ್ಸ್ ಎಂದ.

ಅಂಕಲ್ ಅವನನ್ನು ನೋಡಿದರು. ಆಮೇಲೆ ನನ್ನನ್ನು.

"ನಿನ್ನ ಆಫೀಸಿನವರಾ?"

"ಹೌದು ಅಂಕಲ್."

"ಒಳ್ಳೆ ಬೂಟ್ ಹಾಕಿದಾರೆ" ಎಂದಷ್ಟೇ ಹೇಳಿ ನಡೆದರು.

ಅವರಿಬ್ಬರೂ ದಾಪುಗಾಲು ಹಾಕಿ ನಮ್ಮನ್ನು ದಾಟಿ ಹೋದರು. ಅಂಕಲ್‌ಗೆ ಮಂಡಿ ನೋವು, ನಿಧಾನ. ಆ ಎರಡು ಮೈಲಿ ಅಷ್ಟು ಉದ್ದವೆಂದು ನನಗೆ ಮತ್ತೆಂದೂ ಅನಿಸಿಲ್ಲ. ಬೆಳಕಾದಾಗ ನೋಡಿದರೆ ಮರದ ಬುಡದ ಮೇಲೆ ಎರಡು ಕಿತ್ತಳೆ ಬಣ್ಣದ ಬೆನ್ನು. ನಾವು ಕೆಳಗೆ ಒದ್ದೆ ಜರಿಗಿಡಗಳ ನಡುವೆ ಕೂತೆವು. ಅಲ್ಲಿಂದ ಕಾಣುತ್ತಿದ್ದದ್ದು ಆ ಎರಡು ಬೆನ್ನು ಮಾತ್ರ.

"ಅಂಕಲ್, ನಾನೇ ಹೇಳಿದ್ದು" ಎಂದೆ ಪಿಸುದನಿಯಲ್ಲಿ.

"ಗೊತ್ತಾಯ್ತು."

"ಬೈದುಬಿಡಿ."

"ಕಾಡಲ್ಲಿ ಬೈಯಲ್ಲ. ಜಿಂಕೆಗೆ ಕೇಳ್ಸುತ್ತೆ."

ಆ ದಿನವಿಡೀ ಅವರು ದುರ್ಬೀನು ಇಳಿಸಲಿಲ್ಲ. ನೋಡುತ್ತಿದ್ದದ್ದು ಜಿಂಕೆಯನ್ನಲ್ಲ, ಆ ಅಣ್ಣ ತಮ್ಮಂದಿರನ್ನು. ಮುನಿಸಿಕೊಂಡು ಹೀಗೆ ಮಾಡುತ್ತಿದ್ದಾರೆ ಎಂದು ನನಗೆ ಇನ್ನಷ್ಟು ಸಂಕಟವಾಯಿತು. ಕಾರಿನಲ್ಲೂ ಬೈಯಲಿಲ್ಲ. ನನ್ನನ್ನು ಮನೆಯ ಮುಂದೆ ಇಳಿಸುವಾಗ ಮಾತ್ರ, "ಮುಂದಿನ ಶನಿವಾರ ಒಂದು ಗಂಟೆ ಮುಂಚೆ ಬಾ" ಎಂದರು.

ಮುಂಚೆ ಹೋಗಿ ಬುಡ ಹಿಡಿಯುವುದು ಅವರ ಯೋಚನೆ ಎಂದು ನಾನು ತಿಳಿದಿದ್ದೆ. ಮುಂದಿನ ವಾರ ಗೇಟಿಗೆ ಬಂದಾಗ ಪಿಕಪ್ ಇನ್ನೂ ಬಂದಿರಲಿಲ್ಲ. ಆದರೂ ಅಂಕಲ್ ಬುಡವನ್ನು ಸುತ್ತಿ ಹಾಯ್ದು, ಇಳಿಜಾರಿನ ಆಚೆ ಬದಿಗೆ, ಒಂದು ಇಕ್ಕಟ್ಟಾದ ತೊರೆಯ ದಂಡೆಗೆ ಕರೆದುಕೊಂಡು ಹೋದರು. ಮುಳ್ಳು, ಬಿದ್ದ ಮರ, ಮೇಲಿನಿಂದ ತೊಟ್ಟಿಕ್ಕುವ ನೀರು. ಅಲ್ಲಿಂದ ಮೂವತ್ತು ಹೆಜ್ಜೆಯಾಚೆ ಏನೂ ಕಾಣದು.

"ಬುಡ ಖಾಲಿ ಇತ್ತಲ್ಲ ಅಂಕಲ್?"

"ಅಲ್ಲಿ ಅವ್ರು ಕೂರ್ಬೇಕು. ಹೋದ ವಾರ ನೋಡ್ದೆ. ಒಂಬತ್ತು ಗಂಟೆಗೆ ಅವ್ರಿಗೆ ಚಳಿ ಹತ್ತುತ್ತೆ. ಎದ್ದು, ಜೋರಾಗಿ ಮಾತಾಡ್ಕೊಂಡು, ಇಳಿಜಾರಿನ ಮಧ್ಯದಲ್ಲೇ ಇಳ್ದು ಕಾಫಿಗೆ ಗಾಡಿ ಹತ್ರ ಹೋಗ್ತಾರೆ. ಪೊದೆಯಲ್ಲಿ ಮಲಗಿರೋ ಗಂಡು ಜಿಂಕೆ ಆವಾಗ ಏಳುತ್ತೆ. ಎದ್ದು ಎಲ್ಲಿಗೆ ಹೋಗುತ್ತೆ?"

ನಾನು ತೊರೆಯ ಕಡೆ ನೋಡಿದೆ.

"ನಮ್ಮೂರಲ್ಲಿ ಬೇಟೆಗೆ ಹೋದ್ರೆ ಒಂದಷ್ಟು ಜನ ಕಾಡು ಸೋವ್ತಾರೆ, ಪ್ರಾಣಿ ಎಬ್ಬಿಸಿ ಓಡಿಸ್ತಾರೆ. ಇನ್ನೊಂದಷ್ಟು ಜನ ಕೋವಿ ಹಿಡ್ಕೊಂಡು ಕಾಯ್ತಾರೆ. ಇಲ್ಲಿಗೆ ಬಂದ ಮೇಲೆ ನನಗೆ ಸೋವೋರು ಯಾರೂ ಸಿಕ್ಕಿರ್ಲಿಲ್ಲ. ಈಗ ನೀನೇ ಇಬ್ರನ್ನ ಕರ್ಕೊಂಡು ಬಂದಿದೀಯ." ಮೀಸೆಯ ಕೆಳಗೆ ನಗು ಇತ್ತೋ ಇಲ್ಲವೋ, ಕತ್ತಲಲ್ಲಿ ಕಾಣಲಿಲ್ಲ.

ಕೂತೆವು. ಬೆಳಕಾಯಿತು. ನನ್ನ ಬೆನ್ನಿನೊಳಗೆ ನೀರು ಇಳಿಯಿತು. ಒಂಬತ್ತು ದಾಟಿದ ಮೇಲೆ ದೂರದಲ್ಲಿ ಗಂಡಸರ ಮಾತು, ನಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ಜರಿಗಿಡಗಳ ನಡುವೆ ಕೋಡು ಕಂಡಿತು. ಜಿಂಕೆ ಓಡುತ್ತಿರಲಿಲ್ಲ; ಎರಡು ಹೆಜ್ಜೆ ಇಟ್ಟು, ನಿಂತು, ಆ ಮಾತಿನ ಕಡೆಗೆ ತಿರುಗಿ ನೋಡುತ್ತಾ ಬರುತ್ತಿತ್ತು. ಅಂಕಲ್ ತಮ್ಮ ಕೋವಿ ಎತ್ತಲಿಲ್ಲ. "ನಿಂದು" ಎಂದರು, ತುಟಿ ಅಲುಗಿದಷ್ಟೇ.

ಈಡು ಹಾರಿದ್ದು ನೆನಪಿಲ್ಲ. ಜಿಂಕೆ ತೊರೆ ದಾಟಿ ಬಿದ್ದಿತು. ಹತ್ತಿರ ಹೋದೆವು. ಅಂಕಲ್ ಟೋಪಿ ತೆಗೆದು, ಬಗ್ಗಿ ಅದರ ಹಣೆಯ ಮೇಲೆ ಕೈ ಇಟ್ಟರು. ನಾನೂ ಇಟ್ಟೆ. ಇನ್ನೂ ಬಿಸಿಯಿತ್ತು. ಸಂತೋಷವೂ ಆಯಿತು, ದುಃಖವೂ ಆಯಿತು. ಎರಡೂ ಒಂದೇ ಕಡೆಯಿಂದ ಬಂದವು.

ಅಷ್ಟರಲ್ಲಿ ಸದ್ದು ಕೇಳಿ ಡೇಲ್ ಮತ್ತು ಅವನ ಅಣ್ಣ ಬಂದರು. ಡೇಲ್ ನನ್ನ ಕೈ ಕುಲುಕಿದ. ಅಣ್ಣನ ಮುಖ ಬಿಗಿದಿತ್ತು. ಇದೇ ಜಿಂಕೆಯ ಹೆಜ್ಜೆ ಹಿಡಿದು ಹೋದ ವಾರದಿಂದ ಕಾದಿದ್ದೇವೆ, ನಾವು ಎಬ್ಬಿಸಿದ್ದಕ್ಕೇ ಇದು ನಿಮ್ಮ ಕಡೆ ಬಂತು, ನೀವು ಹೊಂಚು ಹಾಕಿ ಕೂತಿದ್ದಿರಿ ಎಂದ. ದನಿ ಏರುತ್ತಿತ್ತು. ಕೋವಿ ಹಿಡಿದ ನಾಲ್ಕು ಜನ, ಸುತ್ತ ಕಾಡು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅಂಕಲ್ ನಿಧಾನವಾಗಿ ತಲೆಯಾಡಿಸಿದರು. ಹೌದು, ನೀವು ಹೇಳಿದ್ದು ಪೂರ್ತಿ ನಿಜ, ಇದನ್ನು ಎಬ್ಬಿಸಿ ಕಳಿಸಿದವರು ನೀವೇ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಊರಿನಲ್ಲಿ ಹೊಡೆದವರಿಗೆ ಮಾತ್ರವಲ್ಲ, ಬೇಟೆಯಲ್ಲಿ ಜೊತೆಗಿದ್ದವರಿಗೆಲ್ಲ ಪಾಲು ಹೋಗುತ್ತದೆ, ಹಾಗಾಗಿ ಇದರಲ್ಲಿ ನಿಮ್ಮ ಪಾಲಿದೆ, ತೊಡೆ ಬೇಕೋ ಭುಜ ಬೇಕೋ ಎಂದು ಕೇಳಿದರು.

ಜಗಳಕ್ಕೆ ತೆರೆದಿದ್ದ ಅಣ್ಣನ ಬಾಯಿ ತೆರೆದೇ ಇತ್ತು. ತಮಾಷೆ ಮಾಡುತ್ತಿದ್ದಾರೋ ಎಂದು ಅವನು ಅಂಕಲ್ ಮುಖವನ್ನು ಹುಡುಕಿದ. ಅಂಕಲ್ ಆಗಲೇ ಚಾಕು ತೆಗೆದು ಮಂಡಿಯೂರಿದ್ದರು. ಒಂದು ನಿಮಿಷದ ಮೇಲೆ ಆ ಅಣ್ಣ ತನ್ನ ಕೋವಿಯನ್ನು ಮರಕ್ಕೆ ಒರಗಿಸಿ, ತೋಳು ಮಡಿಚಿ, ಜಿಂಕೆಯ ಹಿಂಗಾಲು ಹಿಡಿದುಕೊಂಡ. ಮಾಂಸ ಕೊಟ್ಟವರು ತಮ್ಮ ಹೆಸರು, ಲೈಸೆನ್ಸ್ ನಂಬರು ಬರೆದ ಚೀಟಿಯನ್ನೂ ಕೊಡಬೇಕೆಂಬುದು ಇಲ್ಲಿನ ನಿಯಮ. ಅದನ್ನು ಡೇಲ್‌ನ ನಕ್ಷೆಯ ಹಿಂಬದಿಯಲ್ಲೇ ಬರೆದುಕೊಟ್ಟೆ. ಎರಡು ಮೈಲಿ ಹೊರುವ ಕೆಲಸವನ್ನು ಹೆಚ್ಚಿನ ಪಾಲು ಅವರಿಬ್ಬರೇ ಮಾಡಿದರು. ಮಂಡಿ ನೋವಿನ ಅಂಕಲ್ ಮತ್ತು ನಾನು ಇಬ್ಬರೇ ಆಗಿದ್ದರೆ ಸಂಜೆಯವರೆಗೂ ಆ ತೊರೆಯಲ್ಲೇ ಇರುತ್ತಿದ್ದೆವು. ದಾರಿಯಲ್ಲಿ ಆ ಅಣ್ಣ ಮತ್ತೆ ಬಾಯಿ ಬಿಟ್ಟದ್ದು, ಇದನ್ನು ನೀವು ಹೇಗೆ ಬೇಯಿಸುತ್ತೀರಿ ಎಂದು ಕೇಳಲು.

ಕಾರು ಹೆದ್ದಾರಿ ಹತ್ತಿದ ಮೇಲೆ ಅಂಕಲ್ ಕೇಳಿದರು:

"ಈಗ ಬೈಲಾ?"

"ಬೈಯಿರಿ."

"ಜಾಗ ನಮ್ಮಪ್ಪಂದಲ್ಲ, ಪಬ್ಲಿಕ್ ಲ್ಯಾಂಡ್. ನಾನು ಕಾರು ಮುಚ್ಚಿಟ್ಟು ಮುಚ್ಚಿಟ್ಟು ನನ್ನದು ಅಂದ್ಕೊಂಡಿದ್ದೆ, ಅದು ನನ್ನ ಹುಚ್ಚು. ನೀನು ಹೇಳಿದ್ದಕ್ಕೆ ಬೇಜಾರಿಲ್ಲ. ಆದ್ರೆ ಅವ್ರು ಬರ್ತಾರೆ ಅಂತ ನಿನಗೆ ಮೊದಲೇ ಗೊತ್ತಿತ್ತು. ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಒಂದು ಫೋನ್ ಮಾಡಿದ್ರೆ ಆಗ್ತಿತ್ತು. ಗೇಟ್ ಮುಂದೆ ಅವನು ನಿನ್ನ ಹೆಸರು ಹಿಡಿದು ಮಾತಾಡಿಸ್ದಾಗ ನನಗೆ ಏನೂ ಗೊತ್ತಿರ್ಲಿಲ್ಲ, ನಿಮ್ಮಿಬ್ರಿಗೂ ಗೊತ್ತಿತ್ತು. ಜೊತೆಗೆ ಕೂರೋರು ಹಾಗೆ ಮಾಡ್ಬಾರ್ದು."

ಅಷ್ಟೇ ಬೈಗುಳ. ಒಂದು ಕೂಗಿಲ್ಲ, ಕಟುವಾದ ಒಂದು ಪದವಿಲ್ಲ. ಆದರೆ ರೆಂಟನ್ ಬರುವವರೆಗೂ ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ, ಕಣ್ಣು ಒರೆಸಿಕೊಳ್ಳುವುದು ಕಾಣದಿರಲಿ ಎಂದು. ತಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ ಅವರು ಹೇಳಿದ್ದು: "ಒಳಗೆ ಬಾ. ಆಂಟಿ ಮಸಾಲೆ ಹುರಿದಿಟ್ಟಿರ್ತಾಳೆ. ಇವತ್ತು ನೀನೇ ಮಾಡು, ಪಕ್ಕದಲ್ಲಿ ನಿಂತು ಹೇಳ್ಕೊಡ್ತಾಳೆ." ಆ ಕಾಚಂಪುಳಿಯ ಬಾಟಲಿ ನನ್ನ ಕೈಗೆ ಬಂದದ್ದು ಅಂದು ರಾತ್ರಿಯೇ.

ಮುಂದಿನ ಮೂರು ವರ್ಷ ನಾವು ನಾಲ್ವರೂ ಒಂದೇ ಕಡೆ ಬೇಟೆಯಾಡಿದೆವು. ಗೇಟಿನ ಮುಂದೆಯೇ ಕಾರು ನಿಲ್ಲಿಸಿ, ಪಿಕಪ್‌ನ ಬಾನೆಟ್ ಮೇಲೆ ನಕ್ಷೆ ಹರಡಿ, ಇಂದು ಯಾರು ಕೂರುವುದು ಯಾರು ಸೋವುವುದು ಎಂದು ಗೊತ್ತು ಮಾಡಿಕೊಂಡು ಹೊರಡುತ್ತಿದ್ದೆವು. ಎರಡು ವರ್ಷ ಜಿಂಕೆ ಸಿಕ್ಕಿತು, ಒಂದು ವರ್ಷ ಇಲ್ಲ. ಆಮೇಲೆ ಡೇಲ್ ಬೇರೆ ಕೆಲಸಕ್ಕೆ ಹೋದ. ಮಂಡಿಗೆ ಇಲ್ಲಿನ ಚಳಿ ಆಗದೆಂದು ಅಂಕಲ್ ಆಂಟಿ ಇಬ್ಬರೂ ಸ್ಯಾನ್ ಡಿಯೇಗೊದಲ್ಲಿ ಮಗಳ ಮನೆಯ ಹತ್ತಿರಕ್ಕೆ ಹೋದರು. ಅಲ್ಲಿ ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ನಡೆಯುತ್ತಾರಂತೆ. ಚೆನ್ನಾಗಿದ್ದಾರೆ.

ಈ ವರ್ಷದ ಬೇಟೆಯ ಮೊದಲ ಶನಿವಾರ ನಾನು ಗೇಟಿಗೆ ಹೋದಾಗ ಐದು ಗಾಡಿಗಳಿದ್ದವು. ಮುಂಚೆ ಆಗಿದ್ದರೆ ಕಾರು ವಾಪಸ್ ತಿರುಗಿಸುತ್ತಿದ್ದೆ. ಈಗ ಇಳಿದು ಹೋಗಿ ಒಂದೊಂದೇ ಗಾಡಿಯ ಕಿಟಕಿ ತಟ್ಟಿದೆ. ಎಲ್ಲಿಗೆ ಹೊರಟಿದ್ದೀರಿ, ನಾನು ಎಲ್ಲಿ ಕೂತರೆ ನಿಮಗೆ ತೊಂದರೆಯಿಲ್ಲ ಎಂದು ಕೇಳಿದೆ. ಒಬ್ಬ ಉತ್ತರ ಕೊಡಲಿಲ್ಲ. ಉಳಿದವರು ಇಳಿದು ಬಂದರು. ತಾಯಿ ಮಗಳ ಒಂದು ಜೋಡಿಗೆ ಈ ಕಾಡು ಹೊಸದು. ಅವರನ್ನು ಮರದ ಬುಡಕ್ಕೆ ಕಳಿಸಿದೆ. ಮಧ್ಯಾಹ್ನದವರೆಗೆ ಕೂತು, ಏನೂ ಕಾಣದೆ, ಹಸಿದು ಮನೆಗೆ ಬಂದೆ.

ಸಂಜೆ ಅಂಕಲ್ ಫೋನ್ ಮಾಡಿದರು. ಜಿಂಕೆ ಸಿಕ್ಕಿತಾ ಎಂದು ಕೇಳಲೇ ಇಲ್ಲ.

"ಯಾರ್ಯಾರು ಬಂದಿದ್ರು?"

ಇಳಿದು ಬಂದವರೆಲ್ಲರ ಹೆಸರು ಹೇಳಿದೆ. ಯಾರನ್ನು ಎಲ್ಲಿ ಕೂರಿಸಿದೆ ಎಂದೂ ಹೇಳಿದೆ. ಅವರು ಇಡೀ ಇಳಿಜಾರನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದರೆಂದು ಕಾಣುತ್ತದೆ.

"ಎಲ್ರಿಗೂ ಜಾಗ ಸಾಕಾಯ್ತಾ?"

"ಸಾಕಾಯ್ತು ಅಂಕಲ್" ಎಂದೆ. "ಇನ್ನೊಬ್ರಿಗೂ ಆಗ್ತಿತ್ತು."